ಬಾಗಿಲಿಗೆ ಅಡ್ಡವಿಟ್ಟ ಹಳಿ

ಮರದ ಹುಡಿಯ ವಾಸನೆ ಬಂದರೆ ಇವತ್ತಿಗೂ ನನ್ನ ಮೈ ಉರಿಯುತ್ತದೆ. ದೆಹಲಿಗೆ ಮೆಟ್ರೋ ಹೊಸದಾಗಿ ಬಂದ ವರ್ಷ, ಅಲ್ಲಿನ ರೈಲ್ವೆ ಕಚೇರಿಯಲ್ಲಿ ಕೆಲಸಕ್ಕಿದ್ದ ಅಪ್ಪ, ರೈಲು ಹಳಿಗಳ ತುದಿಗಳು ಬೋಲ್ಟಿಲ್ಲದೆ ಒಂದನ್ನೊಂದು ಕಚ್ಚಿಕೊಳ್ಳುವ ಜೋಡಣೆಯೊಂದನ್ನು ಯೋಚಿಸಿ, ಶೀಶಂ ಮರದಲ್ಲಿ ಅದರ ಮಾದರಿ ಕೆತ್ತಿದರು. ಸೋಪಿನಂತೆ ನುಣುಪಾಗುವವರೆಗೂ ಉಜ್ಜಿ ತಮ್ಮ ಸಾಹೇಬರಿಗೆ ಕೊಟ್ಟರು.

ಬೇಸಿಗೆಯ ಒಂದು ಮಧ್ಯಾಹ್ನ ಅಮ್ಮನ ಜೊತೆ ಅಪ್ಪನ ಕಚೇರಿಗೆ ಹೋದೆ. ಕೂಲರ್ ಗಾಳಿಗೆ ಸಾಹೇಬರ ಕೋಣೆಯ ಬಾಗಿಲು ಮುಚ್ಚಿಕೊಳ್ಳದಿರಲೆಂದು ಆ ಮಾದರಿಯನ್ನು ಅಡ್ಡ ಇಟ್ಟಿದ್ದರು.

"ಏನ್ರೀ ಇದು?" ಅಮ್ಮ ಹಲ್ಲು ಕಚ್ಚಿ ಕೇಳಿದಳು.

"ಇರ್ಲಿ ಬಿಡೇ, ಉಪಯೋಗಕ್ಕೆ ಬಂತಲ್ಲ," ಎಂದು ಅಪ್ಪ ನಕ್ಕರು.

ನಾನು ಅದನ್ನು ಒದ್ದೆ. ಗೋಡೆಗೆ ಬಡಿದರೂ ಜೋಡಣೆ ಬಿಡಲಿಲ್ಲ. ಬಾಗಿಲು ದಡಾರನೆ ಮುಚ್ಚಿಕೊಂಡಿತು.

"ಕ್ಯಾ ಹುವಾ?" ಒಳಗಿನಿಂದ ಸಾಹೇಬರ ದನಿ.

"ಕುಛ್ ನಹೀ ಸರ್," ಎಂದ ಅಪ್ಪ ಮಾದರಿಯನ್ನೆತ್ತಿ ಅಂಗಿಯಿಂದ ಒರೆಸಿದರು. ಬಾಗಿಲು ತೆರೆದು ಮತ್ತೆ ಅಲ್ಲೇ ಇಟ್ಟರು.