ಏಲಕ್ಕಿ ಹಾಕಿದ ಗ್ರೀಸ್

ನಾನೊಮ್ಮೆ ಕೆಮ್ಮಿದರೆ ಸಾಕು, ಇಡೀ ಜಿಲ್ಲೆಯ ಕೆಟ್ಟ ಟೀವಿಗಳೆಲ್ಲ ತಾವಾಗಿಯೇ ಸರಿಹೋಗುತ್ತವೆ. ನಮ್ಮ ಮನೆಯ ಹಳೆಯ ಡಬ್ಬಾ ಟೀವಿ ಮಾತ್ರ ಹಟ ಹಿಡಿದಿತ್ತು. ಚಿತ್ರ ಬರುತ್ತಿತ್ತು, ಧ್ವನಿ ಇಲ್ಲ.

"ಒಳಗಿನ ಸ್ಪೀಕರ್ ಸತ್ತಿದೆ ಕಣೇ. ಬಿಚ್ಚೋದೇನೂ ಬೇಡ. ಮುಷ್ಟಿಯಲ್ಲಿ ಹಿಡಿಸೋ ಎರಡು ಪುಟ್ಟ ಸ್ಪೀಕರ್ ತಂದು ಪಕ್ಕದಲ್ಲಿಟ್ಟರೆ ಆಯ್ತು."

ಹೆಂಡತಿ ಕೇಳಲಿಲ್ಲ. ಸಡಿಲವಾಗಿದ್ದ ಹಿಂದಿನ ಮುಚ್ಚಳ ಎಳೆದೇಬಿಟ್ಟಳು. ಲಕ್ಷ ಜಿರಲೆಗಳು ಧುಮುಕಿದವು. ಕಮಟು ನಾತಕ್ಕೆ ಬೀದಿನಾಯಿಗಳೆಲ್ಲ ಊರು ಬಿಟ್ಟವು. ಸ್ಪೀಕರಿನ ಮೇಲೆ ಹಳದಿ ಅಂಟು, ಅದರಲ್ಲಿ ಜಿರಲೆಯ ಮೊಟ್ಟೆ, ಮುರಿದ ಕಾಲು, ಮೀಸೆ.

"ಥೂ, ಅಸಹ್ಯ! ಏನ್ರೀ ಇದು?"

"ಗ್ರೀಸ್. ಬಿಸಿಗೆ ಕರಗಿದೆ."

ಅವಳು ಬಗ್ಗಿ ಮೂಸಿದಳು.

"ಗ್ರೀಸಿಗೆ ಏಲಕ್ಕಿ ಹಾಕ್ತಾರೇನ್ರೀ?"

ನಾನು ಕೆಮ್ಮಿದೆ.

"ನಿಮ್ಮ ಶುಗರ್ ಯಾಕೆ ಇಳೀತಿಲ್ಲ ಅಂತ ಡಾಕ್ಟರು ತಲೆ ಕೆರ್ಕೋತಿದ್ದಾರೆ. ನಿಮ್ಮ ಜೊತೆ ನಾನೂ ಆರು ತಿಂಗಳಿಂದ ಕಾಫಿಗೆ ಸಕ್ಕರೆ ಹಾಕ್ಕೊಂಡಿಲ್ಲ" ಎಂದಳು.

"ಅದು ಲಾಡು. ನಾನೇ ಒಳಗೆ ಬಚ್ಚಿಟ್ಟಿದ್ದು ಕಣೇ. ದಿನಕ್ಕೆ ಒಂದೇ ಒಂದು."

ಅವಳು ನನ್ನನ್ನೇ ನೋಡುತ್ತ ನಿಂತಳು.

"ನಾಲ್ಕು" ಎಂದೆ.