ಕಾಯಂನವರ ಕ್ಯಾಂಟೀನು

ಯಮುನಾ ಖಾಲಿ ತಟ್ಟೆ ಹಿಡಿದು ಕ್ಯಾಂಟೀನಿನ ಬಾಗಿಲಲ್ಲೇ ನಿಂತುಬಿಟ್ಟಳು. ಪೀಣ್ಯದ ಈ ಸರ್ಕಾರಿ ಉಕ್ಕಿನ ಕಾರ್ಖಾನೆಯಲ್ಲಿ ಮೂರು ವರ್ಷದಿಂದ ಕಸ ಗುಡಿಸುತ್ತಿದ್ದರೂ, ಗುತ್ತಿಗೆಯವಳಾದ ಅವಳಿಗೆ ಇಲ್ಲಿ ಊಟವಿರಲಿಲ್ಲ. ಇವತ್ತು ಕಾರ್ಖಾನೆಯನ್ನು ಖಾಸಗಿಯವರಿಗೆ ಮಾರಬಾರದೆಂದು ಕಾಯಂ ಕೆಲಸಗಾರರೆಲ್ಲ ಊಟ ಬಿಟ್ಟು ಹೊರಗಿನ ಮೆಟ್ಟಿಲ ಮೇಲೆ ಕೂತಿದ್ದರು. ಖಾಲಿ ಬೆಂಚು ತುಂಬಿಸಲು ಮ್ಯಾನೇಜರ್ ಗುತ್ತಿಗೆಯವರನ್ನು ಕರೆಸಿದ್ದ.

"ಬಾಮ್ಮ, ಬಿಸಿ ಮುದ್ದೆ, ಕೋಳಿ ಸಾರು. ಎಲ್ರೂ ಉಣ್ತಿದಾರೆ ಅಂತ ತೋರ್ಸೋಕೆ ಒಂದು ಫೋಟೊ ತಗೋತೀವಿ ಅಷ್ಟೆ. ಕೂರಲ್ಲ ಅಂದ್ರೆ ನಾಳೆಯಿಂದ ಕೆಲ್ಸಕ್ಕೆ ಬರ್ಬೇಡ," ಎಂದ ಮ್ಯಾನೇಜರ್.

ಮೆಟ್ಟಿಲಿನಿಂದ ಯೂನಿಯನ್ನಿನ ಗೋಪಾಲಪ್ಪ ಕೂಗಿದರು. "ಹೋಗಿ ಉಣ್ಣಮ್ಮ! ನಿಂಗೇನು, ಯಾರು ಕೊಂಡ್ಕೊಂಡ್ರೂ ಪೊರಕೆ ತಪ್ಪಲ್ವಲ್ಲ!" ಸುತ್ತಲಿದ್ದವರು ನಕ್ಕರು.

ಸಾರಿನ ವಾಸನೆಗೆ ಯಮುನಾಳ ಹೊಟ್ಟೆ ಚುರುಗುಟ್ಟುತ್ತಿತ್ತು. ಅವಳು ತಟ್ಟೆಯನ್ನು ಮ್ಯಾನೇಜರ್ ಕೈಗೆ ಕೊಟ್ಟು ಹೊರಗೆ ಬಂದು, ಗೋಪಾಲಪ್ಪನವರ ಪಕ್ಕದಲ್ಲಿ ಮೆಟ್ಟಿಲ ಮೇಲೆ ಕೂತಳು. ನಗು ಥಟ್ಟನೆ ನಿಂತಿತು.

"ಅಣ್ಣ," ಎಂದಳು ಮೆಲ್ಲಗೆ, ಅವರ ಮುಖ ನೋಡದೆ. "ಫ್ಯಾಕ್ಟ್ರಿ ಉಳಿದ್ರೆ ನಮ್ಗೂ ಇಲ್ಲಿ ಊಟ ಹಾಕಿಸ್ತೀರಾ?"

ಗೋಪಾಲಪ್ಪ ತಮ್ಮವರ ಕಡೆ ತಿರುಗಿ ನೋಡಿದರು. ಒಬ್ಬರೂ ತಲೆ ಎತ್ತಲಿಲ್ಲ.