ಎಂಜಲು ಹಚ್ಚಿದ ಎಳೆ

“ಕತ್ತರಿಸು ಅಂದೆ! ಈ ಸೀರೆ ನನ್ನ ಮಗಳ ಮೈಮೇಲೆ ಬರಕೂಡದು.”

ಸರ್ವಮಂಗಳ ಸೆರಗಿನಿಂದ ಮೂಗು ಮುಚ್ಚಿಕೊಂಡು ಹೊಸ್ತಿಲ ಹೊರಗೇ ನಿಂತಿದ್ದಳು. ಒಳಗೆ ಮಗ್ಗದ ಕುಣಿಯಲ್ಲಿ ಕಾಲು ಇಳಿಬಿಟ್ಟು ಕೂತಿದ್ದ ನೇಕಾರ ಪೆದ್ದಣ್ಣ ತಲೆ ಎತ್ತಲಿಲ್ಲ. ಮಗ್ಗದ ಮೇಲೆ ಅವಳ ಮಗಳು ಶಿಲ್ಪಾಳ ಧಾರೆ ಸೀರೆ, ಮುಕ್ಕಾಲು ಪಾಲು ಮುಗಿದಿತ್ತು. ಮಗ್ಗವೂ ರೇಷ್ಮೆಯೂ ಸರ್ವಮಂಗಳಳ ಗಂಡ, ಚಳ್ಳಕೆರೆಯ ಸೀರೆ ವ್ಯಾಪಾರಿ ಓಂಕಾರಮೂರ್ತಿಯದು. ಪೆದ್ದಣ್ಣನದು ಎರಡು ಕೈ ಮಾತ್ರ.

ಸುದ್ದಿ ತಂದವಳು ಸರ್ವಮಂಗಳಳ ನಾದಿನಿ ಪ್ರೇಮಲತಾ. ದೊಡ್ಡಾಸ್ಪತ್ರೆಯ ಔಷಧಿ ಕಿಟಕಿಯಲ್ಲಿ ಪೆದ್ದಣ್ಣನ ಹೆಸರು ಕೂಗಿದ್ದನ್ನೂ ಹೆಪಟೈಟಿಸ್ ಸಿ ಮಾತ್ರೆಯ ಡಬ್ಬಿಯನ್ನು ಅವನು ಚೀಲದೊಳಗೆ ಬಚ್ಚಿಟ್ಟುಕೊಂಡಿದ್ದನ್ನೂ ಕಣ್ಣಾರೆ ಕಂಡು ಬಂದಿದ್ದಳು. ಅವಳ ಬಾಯಿಗೆ ಬಿದ್ದ ಮೇಲೆ ಕೇಳಬೇಕೆ? ವಾರದೊಳಗೆ ಮೊಳಕಾಲ್ಮೂರಿನ ಕೇರಿಯವರು ಪೆದ್ದಣ್ಣನ ಹೆಂಡತಿ ಚಿತ್ತಮ್ಮನನ್ನು ನಲ್ಲಿಯಿಂದ ದೂರ ನಿಲ್ಲಿಸಿದರು.

ಎಳೆ ಕಡಿದಾಗ ನೇಕಾರ ತುದಿಗಳಿಗೆ ಎಂಜಲು ಹಚ್ಚಿ ಹೊಸೆಯುತ್ತಾನೆ. ಸರ್ವಮಂಗಳ ಅದನ್ನು ಎಷ್ಟೋ ಸಲ ನೋಡಿದ್ದಳು, ಏನೂ ಅನಿಸಿರಲಿಲ್ಲ. ಈಗ ಇಡೀ ಸೀರೆಯೇ ಜೊಲ್ಲಿನಲ್ಲಿ ಅದ್ದಿ ತೆಗೆದಂತೆ ಕಂಡಿತು.

“ಅದು ಎಂಜಲಿಂದ ಬರಲ್ಲಮ್ಮ,” ಎಂದ ಪೆದ್ದಣ್ಣ ಮೆಲ್ಲಗೆ. “ರಕ್ತದಿಂದ ಬರೋದು. ಮೂರು ತಿಂಗಳು ಮಾತ್ರೆ ತಗಂಡ್ರೆ ವಾಸಿ ಆಗ್ತೈತಂತೆ.”

“ಥೂ! ನನಗೇ ಪಾಠ ಹೇಳ್ತೀಯಾ?”

ಓಂಕಾರಮೂರ್ತಿ ಕಾರಿಗೆ ಒರಗಿ ನಿಂತಿದ್ದ. “ಇನ್ನೊಂದು ತಿಂಗಳು ತಡ್ಕೋ, ಮಂಗಳಾ,” ಎಂದ, ಎತ್ತಲೋ ನೋಡುತ್ತ.

“ಬೀಗರಿಗೆ ಗೊತ್ತಾದ್ರೆ ಲಗ್ನ ಉಳಿತೈತೇನ್ರೀ?”

ಅವನು ಜೇಬಿನಿಂದ ಕಾರಿನ ಬೀಗದ ಕೈ ತೆಗೆದ. ಅವಳಿಗೆ ಗಂಡನ ಮೇಲೂ ರೇಗಿತು. ಮನೆಯಲ್ಲಿ ಎಂಥ ಶುಚಿ ಈ ಮನುಷ್ಯನದು! ಎರಡು ತಿಂಗಳಿಂದ ಸಲೂನಿಗೆ ಹೋಗುವುದನ್ನೇ ಬಿಟ್ಟಿದ್ದಾನೆ. ರೇಜರು, ಉಗುರು ಕತ್ತರಿ ಎಲ್ಲ ಬೀರುವಿನಲ್ಲಿಟ್ಟು ಬೀಗ ಹಾಕುತ್ತಾನೆ. ಅಂಥವನು ತಿಂಗಳು ತಿಂಗಳು ಮಗ್ಗ ನೋಡಲೆಂದು ಈ ಹೊಲಸಿಗೆ ಬಂದು ಹೋಗುತ್ತಿದ್ದ.

“ಮಗ್ಗಾನೂ ನಾಳೆ ಎತ್ತಿಸ್ತೀನಿ,” ಎಂದಳು.

ಮೂಲೆಯಲ್ಲಿ ನೂಲು ಸುತ್ತುತ್ತಿದ್ದ ಚಿತ್ತಮ್ಮನ ಕೈ ನಿಂತಿತು. “ಮಗ್ಗ ಹೋದ್ರೆ ನಾವು ಉಣ್ಣೋದೇನಮ್ಮಾ?” ಎಂದು ಕೇಳಿ, ಗಂಡನ ಕಡೆ ತಿರುಗಿ, “ಚೆಪ್ಪೇಯ್,” ಎಂದಳು.

ಹೇಳಿಬಿಡು ಎನ್ನುವಷ್ಟು ತೆಲುಗು ಸರ್ವಮಂಗಳಳಿಗೂ ಅರ್ಥವಾಗುತ್ತಿತ್ತು. ಹೇಳಲಿ, ರೋಗವನ್ನು ತನ್ನ ಬಾಯಿಂದಲೇ ಒಪ್ಪಿಕೊಳ್ಳಲಿ ಎಂದುಕೊಂಡಳು.

ಪೆದ್ದಣ್ಣ ಬೇಡವೆಂದು ತಲೆಯಾಡಿಸಿದ. ಒಮ್ಮೆ, ಒಂದೇ ಒಂದು ಸಲ, ಸಾಹುಕಾರನ ಮುಖ ನೋಡಿದ. ಓಂಕಾರಮೂರ್ತಿ ಕಾರಿನ ಬೀಗದ ಕೈಯನ್ನು ಬೆರಳಲ್ಲಿ ತಿರುಗಿಸುತ್ತಿದ್ದ.

ಪೆದ್ದಣ್ಣ ಕತ್ತರಿ ಎತ್ತಿಕೊಂಡ. ಬಿಗಿದ ಎಳೆಗಳು ಕರಕರ ಸದ್ದು ಮಾಡಿ ಕಡಿದವು. ಇಪ್ಪತ್ತು ದಿನದ ಕೆಲಸ ಅವನ ಮಡಿಲಿಗೆ ಕುಸಿದು ಬಿತ್ತು. ಸರ್ವಮಂಗಳಳಿಗೆ ಕೊನೆಗೂ ಉಸಿರು ಸರಾಗವಾಯಿತು.

ಚಿತ್ತಮ್ಮ ಎದ್ದು ಒಳಗೆ ಹೋಗಿ, ಸೀಲು ಒಡೆಯದ ಮಾತ್ರೆ ಡಬ್ಬಿಯೊಂದನ್ನು ಹಿಡಿದು ಬಂದಳು. ಸರ್ವಮಂಗಳ ಛೀ ಎಂದು ಪಕ್ಕಕ್ಕೆ ಸರಿದಳು. ಚಿತ್ತಮ್ಮ ಅವಳನ್ನು ದಾಟಿ ಸೀದಾ ಕಾರಿನ ಬಳಿ ನಡೆದು, ಡಬ್ಬಿಯನ್ನು ಓಂಕಾರಮೂರ್ತಿಯ ಅಂಗೈಯಲ್ಲಿಟ್ಟಳು.

“ತಗಳ್ರಿ ಸಾವ್ಕಾರ್ರೇ, ನಿಮ್ಮ ಮೂರನೇ ತಿಂಗಳ ಮಾತ್ರೆ. ಪರೀಕ್ಷೆಗೆ ರಕ್ತ ನೀವು ಕೊಟ್ರಿ, ಹೆಸರು ನನ್ನ ಗಂಡಂದು ಬರೆಸಿದ್ರಿ. ಇವತ್ತಿಂದ ರೋಗಾನೂ ನಿಮ್ಮ ಹೆಸರಲ್ಲೇ ಇರ್ಲಿ.”